ಸಕಾರಣವಿಲ್ಲದೆ

ಪೂಜೆ ಮುಗಿಸಿ, ಹಣೆಯ ವಿಭೂತಿ ಒಣಗುವ ಮೊದಲೇ ಅರ್ಜಿ ಬರೆಯಲು ಕೂತ ಶಿವಲಿಂಗಯ್ಯ ಹತ್ತು ಗಂಟೆಯಾದರೂ ಮೂರನೆಯ ಪ್ಯಾರಾ ದಾಟಿರಲಿಲ್ಲ. ಹದಿನೆಂಟು ವರ್ಷದಿಂದ ಕೋರ್ಟಿನ ಕಾಂಪೌಂಡಿನ ಹೊಂಗೆಮರದ ಕೆಳಗೆ ಇಳಿಮೇಜು ಇಟ್ಟುಕೊಂಡು ಊರವರ ಕ್ರಯಪತ್ರ, ಭೋಗ್ಯಪತ್ರ, ವಿಭಾಗಪತ್ರಗಳನ್ನು ಬರೆದ ಪತ್ರಬರಹಗಾರ ಅವನು. ಅಣ್ಣತಮ್ಮಂದಿರು ತಲೆ ಒಡೆದುಕೊಂಡು ಬಂದು ನಿಂತಿದ್ದರೂ ‘ನಮ್ಮ ನಮ್ಮ ಸ್ವಸಂತೋಷದಿಂದ, ಯಾರ ಬಲವಂತವೂ ಇಲ್ಲದೆ’ ಎಂದು ಹುಬ್ಬು ಕೂಡ ಅಲುಗಿಸದೆ ಬರೆದುಬಿಡುತ್ತಿದ್ದ. ಅಂಥವನು ಇವತ್ತು ತನ್ನದೇ ಸಂಸಾರದ ನಾಲ್ಕು ಮಾತು ಬರೆಯಲಾರದೆ ಮಸಿಕುಡಿಕೆಯ ಬಾಯಿಗೆ ಲೇಖನಿ ಒರೆಸುತ್ತಾ ಕೂತಿದ್ದ. ಒಂದನೆಯ ಪ್ಯಾರಾದಲ್ಲಿ, ಅರ್ಜಿದಾರ ಶಿವಲಿಂಗಯ್ಯನಿಗೂ ಎದುರುದಾರಳು ಗಿರಿಜಾಂಬಳಿಗೂ ಸಾವಿರದ ಒಂಬೈನೂರ ನಲವತ್ತೇಳನೇ ಇಸವಿಯಲ್ಲಿ ಶಾಸ್ತ್ರೋಕ್ತವಾಗಿ ಮದುವೆಯಾಯಿತು ಎಂದಿತ್ತು. ಎರಡನೆಯದರಲ್ಲಿ, ಹೋದ ವರ್ಷ ಇದೇ ನ್ಯಾಯಸ್ಥಾನವು ಇಬ್ಬರೂ ಪ್ರತ್ಯೇಕವಾಗಿ ವಾಸಿಸಬಹುದೆಂದು ಡಿಕ್ರಿ ಕೊಟ್ಟಿತು ಎಂದಿತ್ತು. ಮೂರನೆಯದರಲ್ಲಿ, ಡಿಕ್ರಿಯಾದ ಮೇಲೆ ಇಬ್ಬರೂ ರಾಜಿಯಾಗಿ ಒಂದೇ ಮನೆಯಲ್ಲಿ ಬಾಳುತ್ತಿರುವುದರಿಂದ ಸದರಿ ಡಿಕ್ರಿಯನ್ನು ರದ್ದುಪಡಿಸಬೇಕು ಎಂದಿತ್ತು. ಇಷ್ಟಕ್ಕೇ ರುಜು ಹಾಕಿ ಎದ್ದುಬಿಟ್ಟಿದ್ದರೆ ಆಗುತ್ತಿತ್ತು. ಕಾನೂನಿಗೆ ಇಷ್ಟು ಸಾಕು. ಅಡುಗೆಮನೆಯಲ್ಲಿ ಒಗ್ಗರಣೆ ಹಾಕುತ್ತಿದ್ದ ಎದುರುದಾರಳಿಗೆ ಮಾತ್ರ ಸಾಕಾಗಿರಲಿಲ್ಲ.

ಸದರಿ ಎಂದು ಬರೆಯುವಾಗ ಅವನ ಕೈ ಒಂದು ಗಳಿಗೆ ನಿಂತಿತ್ತು. ಮಗಳು ನೀಲ ಮಾತು ಕಲಿತದ್ದೇ ಆ ಪದದಿಂದ ಎಂದರೂ ಸರಿಯೇ. ಅಪ್ಪ ಸಂಜೆ ಮನೆಗೆ ತಂದ ಕರಡುಗಳನ್ನು ಗಟ್ಟಿಯಾಗಿ ಓದುವಾಗ ತೊಡೆಯ ಮೇಲೆ ಕೂತು ಕೇಳಿ ಕೇಳಿ, ಮೂರು ವರ್ಷದ ಆ ಕೂಸು ಒಂದು ದಿನ ಬಾಗಿಲಿಗೆ ಬಂದು ನಿಂತು, “ಅಪ್ಪಾಜಿ, ಸದರಿ ಬೆಕ್ಕು ಹಾಲು ಕುಡುದ್ಬುಡ್ತು” ಎಂದಿತ್ತು. ಗಿರಿಜೆ ನಕ್ಕು ನಕ್ಕು ಸಾಕಾಗಿ ಹೊಟ್ಟೆ ಹಿಡಿದುಕೊಂಡು ಹೊಸ್ತಿಲ ಹತ್ತಿರವೇ ಕೂತುಬಿಟ್ಟಿದ್ದಳು. ಆಮೇಲೆ ಎಷ್ಟೋ ತಿಂಗಳು ಕೃಷ್ಣಮೂರ್ತಿಪುರದ ಆ ಸಣ್ಣ ಹೆಂಚಿನ ಮನೆಯಲ್ಲಿ ಸದರಿ ಸಾರು, ಸದರಿ ಮಜ್ಜಿಗೆ, ಸದರಿ ಯಜಮಾನರು. ಅದಕ್ಕೂ ಮುಂಚೆ, ಮದುವೆಯಾದ ಹೊಸತರಲ್ಲಿ, ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಸಂಜೆ ತಿರುಗಾಡಲು ಹೋಗುವಾಗ ಯಾರಾದರೂ ನೋಡಿಯಾರೆಂದು ಶಿವಲಿಂಗಯ್ಯ ಹತ್ತು ಹೆಜ್ಜೆ ಮುಂದೆ ನಡೆಯುತ್ತಿದ್ದ. ಹದಿನಾರರ ಗಿರಿಜೆ ಹಿಂದಿನಿಂದ, “ರೀ, ನಿಮ್ಮ ಜೊತೆ ಬಂದಿದ್ದೀನೋ, ನಿಮ್ಮನ್ನ ಹಿಡಿಯೋಕೆ ಬಂದಿದ್ದೀನೋ?” ಎಂದು ಕೂಗಿದ್ದಳು. ಏರಿಯ ಮೇಲೆ ಕೂತಿದ್ದ ಕಾಲೇಜಿನ ಹುಡುಗರು ಗೊಳ್ಳೆಂದಿದ್ದರು. ಅವನಿಗೆ ಅವತ್ತು ಸಿಟ್ಟು ಬಂದಿತ್ತು. ಅಯ್ಯೋ, ಎಂಥಾ ದಿನಗಳು! ದಸರಾ ದೀಪ ನೋಡಲು ನೀಲಳನ್ನು ಹೆಗಲ ಮೇಲೆ ಕೂರಿಸಿಕೊಂಡು ನಿಂತಾಗ ಅವಳು ಅವನ ಕೂದಲನ್ನು ಎರಡು ಮುಷ್ಟಿಯಲ್ಲಿ ಹಿಡಿದು, ದೀಪ ಹತ್ತಿದ ಕೂಡಲೇ ಎಳೆದಿದ್ದಳು. ಆ ನೋವು ಕೂಡ ಈಗ ಬೇಕೆನಿಸುತ್ತದೆ. ಒಗ್ಗರಣೆಯ ಘಾಟಿಗೆ ಅವನಿಗೆ ಕೆಮ್ಮು ಬಂತು.

ಈಗ ಗಿರಿಜೆಗೆ ಮತ್ತೆ ಐದು ತಿಂಗಳು. ಹದಿನೈದು ದಿನದ ಹಿಂದೆ ಅವನ ಅಕ್ಕ ದಾಕ್ಷಾಯಣಮ್ಮ ಬಂದಳು. ನಡುಮನೆಯಲ್ಲಿ ಕೂತು, ಗಿರಿಜೆ ತಂದಿಟ್ಟ ಕಾಫಿಯನ್ನು ಕೊನೆಯ ಗುಟುಕಿನವರೆಗೂ ಕುಡಿದು, ಲೋಟ ಕೆಳಗಿಟ್ಟು, “ಅಲ್ಲ ಕಣೋ, ಕೋರ್ಟಲ್ಲಿ ಬ್ಯಾರೆ ಆದೋರ್ಗೆ ಮಗ ಎಂಗಾಯ್ತದೋ? ನಾಳೆ ಜನ ಕೇಳಿದ್ರೆ ನಾನೇನಂತ ಏಳ್ಲಿ?” ಎಂದಳು. ಒಳಗೆ ಪಾತ್ರೆ ತೊಳೆಯುವ ಸದ್ದು ಫಕ್ಕನೆ ನಿಂತಿತು. ಶಿವಲಿಂಗಯ್ಯ ಎದ್ದು ಅಕ್ಕನ ಚೀಲ ಎತ್ತಿಕೊಂಡ. ಅವಳನ್ನು ಬಸ್ಸು ಹತ್ತಿಸಲು ಬೇರೆ ಹೋದ. ಅಕ್ಕ ವಿಷದ ನಾಲಗೆಯಿಂದ ಹೇಳಿದ್ದನ್ನೇ ಕಾನೂನು ಸಭ್ಯವಾಗಿ ಹೇಳಬಲ್ಲದು ಎಂಬುದು ಅವನಿಗೆ ಗೊತ್ತಿತ್ತು. ಒಂದೇ ಸೂರಿನಡಿ ಬಾಳಿದ ಮಾತ್ರಕ್ಕೆ ಡಿಕ್ರಿ ತಾನಾಗಿ ಅಳಿಸಿಹೋಗುವುದಿಲ್ಲ, ಕೊಟ್ಟ ಕೋರ್ಟೇ ಅದನ್ನು ರದ್ದು ಮಾಡಬೇಕು. ಗಂಡ ಹೆಂಡಿರು ಬೇರೆ ಇದ್ದಾರೆ ಎಂದು ಮೊಹರು ಬಿದ್ದ ಕಾಗದ ಇರುವಾಗ, ನಾಳೆ ಯಾವನೋ ದಾಯಾದಿ ಎದ್ದು ಈ ಮಗು ಶಿವಲಿಂಗಯ್ಯನದೇ ಎನ್ನಲು ಸಾಕ್ಷಿ ಏನು ಎಂದು ಕೇಳಿದರೆ? ಇನ್ನೂ ಹುಟ್ಟದ ಕೂಸು ಬೆಳೆದು ಕಟಕಟೆಯಲ್ಲಿ ನಿಂತು ತನ್ನ ತಾಯಿಯ ಬಗ್ಗೆ ಜವಾಬು ಕೊಡುತ್ತಿರುವುದು ಅವನ ಕಣ್ಣಿಗೆ ಕಟ್ಟಿತು. ಹೆರಿಗೆಗೆ ಮುಂಚೆ ಆ ಡಿಕ್ರಿ ಹೋಗಲೇಬೇಕು.

ನಿನ್ನೆ ಸಂಜೆ ಅದನ್ನೇ ಗಿರಿಜೆಗೆ ಹೇಳಿದ. ಅವಳು ನಡುಮನೆಯಲ್ಲಿ ಸೊಪ್ಪು ಬಿಡಿಸುತ್ತಿದ್ದಳು. “ನಾಳೆ ಅರ್ಜಿ ಬರೀತೀನಿ. ನಿನ್ನ ಒಪ್ಪಿಗೆ ಬೇಕು. ನೀನೂ ರುಜು ಹಾಕ್ಬೇಕು.”

“ಹಾಕ್ತೀನಿ,” ಎಂದಳು ತಲೆ ಎತ್ತದೆ. “ನಂಗೇನೂ ಆ ಡಿಕ್ರಿ ಮೇಲೆ ಸಿಟ್ಟಿಲ್ಲ ಕಣ್ರೀ. ಅದಿತ್ತಲ್ಲ, ನಾನಿಲ್ಲಿ ಇರ್ಲೇಬೇಕು ಅಂತ ಯಾರೂ ಅನ್ನೋ ಹಾಗಿರ್ಲಿಲ್ಲ. ದಿನಾ ಬೆಳಿಗ್ಗೆ ಎದ್ದಾಗ, ಇವತ್ತೂ ನಾನಾಗೇ ಇದ್ದೀನಿ ಅನ್ನಿಸ್ತಿತ್ತು. ಮಗೂಗೋಸ್ಕರ ಬೇಡ ಅಂದ್ರೆ ಬೇಡ, ತೆಗೆಸ್ಬುಡಿ. ಆದ್ರೆ ಮೊದ್ಲು ಆ ಪದ ತೆಗೀರಿ.”

“ಯಾವ ಪದ?”

“ನಿಮಗ್ಗೊತ್ತು.”

ಗೊತ್ತಿತ್ತು. ಬೇರೆಯಾಗಲು ಎರಡು ವರ್ಷದ ಹಿಂದೆ ಅವನೇ ಬರೆದ ಅರ್ಜಿಯಲ್ಲಿ, ‘ಎದುರುದಾರಳು ಸಕಾರಣವಿಲ್ಲದೆ ಅರ್ಜಿದಾರನನ್ನು ತ್ಯಜಿಸಿ ಕೆಸರೆಯ ತವರುಮನೆ ಸೇರಿರುತ್ತಾಳೆ’ ಎಂದಿತ್ತು. ಪ್ರಮಾಣ ಮಾಡಿ ರುಜು ಹಾಕಿದ್ದ. ಅವಳು ಕೋರ್ಟಿಗೆ ಬರಲೇ ಇಲ್ಲ. ಅರ್ಜಿದಾರ ಹೇಳಿದ್ದೇ ಸತ್ಯವಾಗಿ ಡಿಕ್ರಿಯಾಯಿತು.

“ಅದು ಫಾರಮ್ಮಿನ ಭಾಷೆ ಕಣೇ ಗಿರಿಜಾ. ಎಲ್ಲ ಅರ್ಜೀಲೂ ಹಂಗೇ ಬರೀತಾರೆ. ಸಕಾರಣವಿಲ್ಲದೆ ಅಂತ ಇಲ್ದಿದ್ರೆ ಅರ್ಜಿ ನಿಲ್ಲಲ್ಲ.”

“ಎಲ್ಲ ಅರ್ಜೀಲೂ ನಾನಿರ್ಲಿಲ್ವಲ್ಲ.”

ಸೊಪ್ಪಿನ ದಂಟುಗಳನ್ನು ಒಂದು ಕಡೆ ಗುಡ್ಡೆ ಮಾಡಿ ಅವಳು ಮೆಲ್ಲಗೆ ಹೇಳುತ್ತಾ ಹೋದಳು. ಸಮನ್ಸು ತಂದ ಅಮೀನ ಕೆಸರೆಯಲ್ಲಿ ಅವಳ ಅಣ್ಣನ ಜಗಲಿಯ ಮೇಲೆ ನಿಂತು ಅದನ್ನು ಗಟ್ಟಿಯಾಗಿ ಓದಿದನಂತೆ. ಅವಳ ಕೈಯೆಲ್ಲ ರಾಗಿಹಿಟ್ಟು. ಬೀದಿಯ ಹೆಂಗಸರೆಲ್ಲ ನಿಂತು ಕೇಳಿದರಂತೆ. “ನಾಲ್ಕು ವರ್ಷ ಯಾಕೆ ಬಂದೆ, ಯಾಕೆ ಬಂದೆ ಅಂತ ಅಮ್ಮ ಕೇಳಿದ್ಲು, ಅಣ್ಣ ಕೇಳ್ದ, ಅತ್ತಿಗೆ ಕೇಳಿದ್ಲು. ನಾನು ಬಾಯಿ ಬಿಡ್ಲಿಲ್ಲ. ನಿಮ್ಮ ಮಾನ ಹೋಗುತ್ತೆ ಅಂತ ಬಿಡ್ಲಿಲ್ಲ. ನೀವು ನೋಡಿದ್ರೆ ಕಾರಣಾನೇ ಇಲ್ಲ ಅಂತ ಬರ್ಕೊಟ್ಬುಟ್ರಿ. ಆವತ್ತಿಂದ ನಾನು ಕೆಸರೇಲಿ, ಕಾರಣ ಇಲ್ದೆ ಗಂಡನ್ನ ಬಿಟ್ಟೋಳು.” ಅವಳ ದನಿಯಲ್ಲಿ ಅಳುವಿರಲಿಲ್ಲ. ಅಷ್ಟು ಹೇಳಿ ಎದ್ದು ಸೊಪ್ಪು ತೊಳೆಯಲು ಹೋದಳು. ಅವನು ಅಲ್ಲೇ ಕೂತಿದ್ದ. ಥೂ, ಎಂಥಾ ಗಂಡಸು ನಾನು ಎನಿಸಿತು. ಹಾಗೆ ಎನಿಸಿದ್ದು ನಿಜ. ಆದರೂ ಬೆಳಿಗ್ಗೆ ಎದ್ದು ಮೂರು ಪ್ಯಾರಾ ಬರೆದಾಗ ಆ ಪದದ ಸುದ್ದಿಗೆ ಹೋಗದಂತೆ ಬಳಸಿಕೊಂಡು ಬರೆದಿದ್ದೂ ನಿಜ.

ಆ ಪದವನ್ನು ತಾನೇಕೆ ಬರೆದೆ? ಶಿವಲಿಂಗಯ್ಯ ಗೋಡೆಯ ಕಡೆ ನೋಡುತ್ತಾ ಕೂತ. ಅವತ್ತು ಅವನ ಮುಂದೆ ಎರಡು ದಾರಿ ಇದ್ದವು. ಹೆಂಡತಿಯನ್ನು ಮರಳಿ ಮನೆಗೆ ಕಳಿಸಿಕೊಡಿ ಎಂದು ಕೇಳುವ ಅರ್ಜಿ ಒಂದು, ಬೇರೆ ಇರುತ್ತೇವೆ ಎಂದು ಕೇಳುವ ಅರ್ಜಿ ಒಂದು. ಎರಡರ ನಮೂನೆಯೂ ಅವನ ಮೇಜಿನ ಖಾನೆಯಲ್ಲೇ ಇತ್ತು. ಮೊದಲನೆಯದನ್ನು ಬರೆದರೆ ಕಾಂಪೌಂಡಿನಲ್ಲಿ ಎಲ್ಲರೂ, ಹೆಂಡತಿಗಾಗಿ ಕೋರ್ಟಿನಲ್ಲಿ ಗೋಗರೆದ ಎಂದು ನಕ್ಕಾರೆಂಬ ಒಣ ಜಂಬ. ಎರಡನೆಯದನ್ನು ಬರೆದ. ಬರೆಯುವಾಗ ಮಾತ್ರ, ಸಮನ್ಸು ನೋಡಿದ ಕೂಡಲೇ ಅವಳು ಓಡಿಬಂದು ಕೋರ್ಟಿನಲ್ಲಿ ನಿಂತು, ಸುಳ್ಳು ಸ್ವಾಮಿ, ಕಾರಣ ಇತ್ತು ಎಂದು ಕಿರುಚುತ್ತಾಳೆ, ಆಗ ಮುಖಾಮುಖಿ ಆಗುತ್ತದೆ, ಆಗ ಕಾಲಿಗೆ ಬೀಳಬಹುದು ಎಂದು ಮನಸ್ಸಿನ ಒಂದು ಮೂಲೆ ಹವಣಿಸುತ್ತಿತ್ತು. ಅವಳು ಬರಲಿಲ್ಲ. ದಫೇದಾರ ಮೂರು ಸಲ ಅವಳ ಹೆಸರು ಕೂಗಿದ. ಮೂರನೆಯ ಸಲ ಶಿವಲಿಂಗಯ್ಯ ಹಿಂದೆ ತಿರುಗಿ ಬಾಗಿಲ ಕಡೆ ನೋಡಿದ್ದ.

ಅವಳು ಬಂದದ್ದು ಆಮೇಲೆ, ಡಿಕ್ರಿಯಾಗಿ ಒಂಬತ್ತು ತಿಂಗಳಿಗೆ, ಯಾರೂ ಕೂಗದೆ. ದೇವರಾಜ ಮಾರುಕಟ್ಟೆಯಲ್ಲಿ ಒಂದು ಶುಕ್ರವಾರ ಅವನು ಬದನೆಕಾಯಿ ಆರಿಸುತ್ತಿದ್ದಾಗ ಪಕ್ಕದಿಂದ ಒಂದು ದನಿ, “ಅದು ಈರನಗೆರೆ ಬದ್ನೆಕಾಯಲ್ಲ ಕಣ್ರೀ. ಮೋಸ ಹೋಗ್ಬೇಡಿ” ಎಂದಿತು. ಐದು ವರ್ಷದ ಮೇಲೆ ಅವನು ಕೇಳಿದ ಹೆಂಡತಿಯ ಮೊದಲ ಮಾತು ಅದು. ಅವನ ಕೈಯಲ್ಲಿದ್ದ ಕಾಯಿ ಕೆಳಗೆ ಬಿತ್ತು. ಅಂಗಡಿಯವಳು ಗಿರಿಜೆಯನ್ನು ಬೈಯಲು ಶುರುಮಾಡಿದಳು, ಗಿರಿಜೆ ಅವಳಿಗೆ ತಿರುಗಿ ಜೋರು ಮಾಡಿದಳು, ನಡುವೆ ಶಿವಲಿಂಗಯ್ಯ ಪೆಚ್ಚಾಗಿ ನಿಂತಿದ್ದ. ಆಮೇಲೆ ಅವಳ ಚೀಲವನ್ನು ಜಟಕಾ ಸ್ಟ್ಯಾಂಡಿನವರೆಗೆ ಹೊತ್ತುಕೊಂಡು ಹೋದ. ಅವಳ ಕಿವಿಯ ಹತ್ತಿರ ನಾಲ್ಕು ಬಿಳಿಕೂದಲು ಕಂಡವು. ಮುಂದಿನ ಶುಕ್ರವಾರ ಮತ್ತೆ. ಅದರ ಮುಂದಿನದೂ. ನಾಲ್ಕನೆಯ ಶುಕ್ರವಾರ ಅವಳು ಕೆಸರೆಯ ಜಟಕಾ ಹತ್ತಲಿಲ್ಲ. ದಾರಿಯಲ್ಲಿ ಅವನು ಈ ಸಲ ಹೆಜ್ಜೆ ನಿಧಾನ ಮಾಡಿದ. ಮನೆಗೆ ಬಂದವಳು ಅಡುಗೆಮನೆಯ ಡಬ್ಬಗಳನ್ನು ಒಂದೊಂದಾಗಿ ತೆರೆದು ಮೂಸಿ ನೋಡಿ, “ಹುಳ ಹಿಡಿದ ಬೇಳೆ ತಿಂದ್ಕೊಂಡಿದ್ರಾ?” ಎಂದಳು. ನೀಲಳ ಹೆಸರನ್ನು ಅವತ್ತೂ ಎತ್ತಲಿಲ್ಲ, ಈ ಎಂಟು ತಿಂಗಳಲ್ಲೂ ಎತ್ತಿಲ್ಲ. ಇಬ್ಬರೂ ಆ ಹೆಸರಿನ ಸುತ್ತ ಕಾಲು ತಾಗದಂತೆ ಓಡಾಡುತ್ತಿದ್ದರು.

ಕಾರಣ ನೀಲಳೇ. ಐವತ್ತಾರನೇ ಇಸವಿಯ ಆ ಮಧ್ಯಾಹ್ನ ಅವನು ಹೊಂಗೆಮರದ ಕೆಳಗೆ ಇಬ್ಬರು ಅಣ್ಣತಮ್ಮಂದಿರ ವಿಭಾಗಪತ್ರ ಬರೆಯುತ್ತಿದ್ದ. ಪಕ್ಕದ ಮನೆಯ ಬೀರಮ್ಮ ಏದುಸಿರು ಬಿಡುತ್ತಾ ಬಂದು, “ಬುದ್ಧಿ, ಮಗೀಗೆ ಗಂಟ್ಲು ಕಟ್ಕಂಡು ಉಸ್ರು ಬತ್ತಾ ಇಲ್ಲ, ಅಮ್ಮಾರು ನಿಮ್ಮುನ್ನ ಕರೀತಾವ್ರೆ” ಎಂದಳು. ಮಗುವಿಗೆ ಎರಡು ದಿನದಿಂದ ನೆಗಡಿ ಇತ್ತು. ಗಂಟಲಮಾರಿ ಎಂದು ಯಾರಿಗೆ ಗೊತ್ತು? ಇದೊಂದು ಪುಟ ಮುಗಿಸಿ ಬಂದೆ ಎಂದ. ಇಷ್ಟು ಗಿರಿಜೆಗೂ ಗೊತ್ತು. ಅವಳಿಗೆ ಗೊತ್ತಿಲ್ಲದ್ದು, ಯಾರಿಗೂ ಗೊತ್ತಿಲ್ಲದ್ದು ಆಮೇಲಿನದು. ಪುಟ ಮುಗಿದಿತ್ತು. ನಿಜಕ್ಕೂ ಮುಗಿದಿತ್ತು. ಏಳುವ ಅವಸರದಲ್ಲಿ ಲೇಖನಿಯಿಂದ ಒಂದು ಹನಿ ಮಸಿ ಕೊನೆಯ ಸಾಲಿನ ಮೇಲೆ ಬಿತ್ತು. ಒತ್ತುಕಾಗದ ಒತ್ತಿ ಹಾಗೇ ಕೊಟ್ಟು ಓಡಬಹುದಿತ್ತು. ಕಾಂಪೌಂಡಿಗೆಲ್ಲ ಚೊಕ್ಕಟ ಅಕ್ಷರದ ಶಿವಲಿಂಗಯ್ಯ ಎಂದು ಹೆಸರಾದವನು ಮಸಿ ಬಿದ್ದ ಪತ್ರ ಕೊಡುವುದೇ? ಇನ್ನೊಂದು ಹಾಳೆ ತೆಗೆದು, ಇಡೀ ಪುಟವನ್ನು ಮೊದಲಿನಿಂದ ಬರೆದ. ಸೊನ್ನೆಗಳನ್ನು ದುಂಡಗೆ ಬರೆದ. ಬೀರಮ್ಮ ಎರಡನೆಯ ಸಲ ಬಂದಾಗ ಅವನು ‘ಸ್ವಸಂತೋಷದಿಂದ’ ಎಂದು ಬರೆಯುತ್ತಿದ್ದ. ಗಿರಿಜೆ ಕಾದು ಕಾದು ಒಬ್ಬಳೇ ಮಗುವನ್ನು ಎತ್ತಿಕೊಂಡು ಜಟಕಾ ಹತ್ತಿದ್ದಳು. ಆಸ್ಪತ್ರೆಯ ದಾರಿಯಲ್ಲೇ ಅವಳ ತೊಡೆಯ ಮೇಲೆ ನೀಲ ಹೋಗಿಬಿಟ್ಟಿದ್ದಳು. ಐದು ವರ್ಷದ ಮಗು. ಒಂದು ತಿಂಗಳು ಗಿರಿಜೆ ಅವನ ಜೊತೆ ಒಂದು ಮಾತೂ ಆಡದೆ ಅನ್ನ ಬಡಿಸಿದಳು. ಆಮೇಲೆ ಟ್ರಂಕು ತೆಗೆದುಕೊಂಡು ಕೆಸರೆಗೆ ಹೋದಳು. ಸಕಾರಣವಿಲ್ಲದೆ!

ಹನ್ನೊಂದು ಗಂಟೆಗೆ ಅರ್ಜಿಯನ್ನು ಜೇಬಿನಲ್ಲಿಟ್ಟುಕೊಂಡು ಕೋರ್ಟಿಗೆ ಹೋದ. ಪಕ್ಕದ ಮೇಜಿನ ಶಾಮಣ್ಣ ಅವನಿಗಿಂತ ಹತ್ತು ವರ್ಷ ದೊಡ್ಡವರು, ಅವನಿಗೆ ಕೆಲಸ ಕಲಿಸಿದವರು. ಎಲ್ಲ ಕೇಳಿ, ಎಲೆಯಡಿಕೆ ಉಗಿದು ಬಂದು, “ತಲೆ ಕೆಟ್ಟಿದೆಯೇನಪ್ಪ ನಿಂಗೆ?” ಎಂದರು. “ರಾಜಿಯಾಗಿದ್ದೀವಿ ಅಂದ್ರೆ ಮುಗೀತು. ಜಡ್ಜು ಎರಡು ನಿಮಿಷದಲ್ಲಿ ರದ್ದು ಮಾಡ್ತಾರೆ. ಅದು ಬಿಟ್ಟು, ಹಿಂದೆ ನಾನು ಪ್ರಮಾಣ ಮಾಡಿ ಹೇಳಿದ್ದು ಸುಳ್ಳು ಅಂತ ನಿನ್ನ ಕೈಯಾರೆ ಬರ್ಕೊಡ್ತೀಯಾ? ಸುಳ್ಳು ಪ್ರಮಾಣಕ್ಕೆ ಏನು ಶಿಕ್ಷೆ ಅಂತ ನಾನು ಹೇಳ್ಬೇಕಾ? ಶಿಕ್ಷೆ ಆಗ್ದೇ ಇದ್ರೂ, ನಾಳೆಯಿಂದ ಈ ಮರದ ಕೆಳಗೆ ನಿನ್ನ ಹತ್ರ ಯಾರು ಪತ್ರ ಬರೆಸ್ತಾರೆ ಕಣೋ?”

“ಅವಳು ಕೇಳ್ತಿದ್ದಾಳೆ ಶಾಮಣ್ಣನೋರೆ.”

“ಹೆಂಗಸ್ರು ಕೇಳ್ತಾರೆ. ಬರ್ದಿದ್ದೀನಿ ಅಂತ ಹೇಳು. ಕೋರ್ಟಿನ ಕಾಗದ ಅವಳೇನು ಓದ್ತಾಳಾ?”

ಶಿವಲಿಂಗಯ್ಯನಿಗೆ ನಿಜಕ್ಕೂ ಆ ಆಸೆ ಬಂತು. ಗಿರಿಜೆ ನಾಲ್ಕನೇ ಕ್ಲಾಸಿನವರೆಗೆ ಓದಿದವಳು. ಕೋರ್ಟಿನ ಕೂಡುಬರಹ ಅವಳಿಗೆ ತಿಳಿಯದು. ಆ ಆಸೆ ಎಷ್ಟು ಹೊತ್ತು ಇತ್ತೋ, ಅಷ್ಟು ಹೊತ್ತೂ ಅವನಿಗೆ ತನ್ನ ಮೇಲೆ ಹೇಸಿಗೆಯಾಗುತ್ತಿತ್ತು. ಅವಳು ಊಟದ ಗಂಟು ಕಟ್ಟಿಕೊಟ್ಟಿದ್ದಳು. ಮಧ್ಯಾಹ್ನ ಅದನ್ನು ಬಿಚ್ಚಿದರೆ, ಅನ್ನದ ಒಳಗೆ ಅವನಿಗೆ ಇಷ್ಟವೆಂದು ಒಂದು ಹಪ್ಪಳ ಮುರಿದು ಹುದುಗಿಸಿಟ್ಟಿದ್ದಳು. ಗಂಟನ್ನು ಹಾಗೇ ಮತ್ತೆ ಕಟ್ಟಿಟ್ಟ. ಎದ್ದು ಕೈ ತೊಳೆದು ಬಂದು ನಾಲ್ಕನೆಯ ಪ್ಯಾರಾ ಬರೆದ. ನಮೂನೆಯಲ್ಲಿ ಇಲ್ಲದ ಪ್ಯಾರಾ. ‘ಹಿಂದಿನ ಅರ್ಜಿಯಲ್ಲಿ ಎದುರುದಾರಳು ಸಕಾರಣವಿಲ್ಲದೆ ಹೋದಳೆಂದು ನಾನು ಬರೆದದ್ದು ಸುಳ್ಳು. ಕಾರಣ ಇತ್ತು. ನಮ್ಮ ಮಗು ನೀಲ ಸಾಯುತ್ತಿರುವಾಗ ಕರೆದರೂ ನಾನು ಹೋಗಲಿಲ್ಲ. ಮಸಿ ಬಿದ್ದ ಒಂದು ಪುಟವನ್ನು ಮತ್ತೆ ಬರೆಯುತ್ತಾ ಕೂತಿದ್ದೆ.’ ಅಕ್ಷರಗಳು ಸೊಟ್ಟ ಬಂದವು.

ಮನೆಗೆ ಬಂದು ಅವಳ ಮುಂದೆ ಕಾಗದ ಇಟ್ಟ. ಓದಿ ಹೇಳಲು ಬಾಯಿ ಬರಲಿಲ್ಲ. ಅವಳು ಕಿಟಕಿಯ ಬೆಳಕಿಗೆ ಹಿಡಿದು, ತುಟಿ ಅಲುಗಿಸುತ್ತಾ, ಒಂದೊಂದೇ ಅಕ್ಷರ ಕೂಡಿಸಿಕೊಂಡು ಓದಿದಳು. ಎಷ್ಟು ಹೊತ್ತು ತೆಗೆದುಕೊಂಡಳು! ಮಸಿಯ ಮಾತು ಬಂದಲ್ಲಿ ಅವಳ ಬೆರಳು ನಿಂತಿತು. ಹಿಂದಕ್ಕೆ ಹೋಗಿ ಮತ್ತೆ ಓದಿತು. ಅವಳು ಬೈಯುತ್ತಾಳೆ ಎಂದು ಕಾದ. ಅವಳು ಲೇಖನಿ ತೆಗೆದುಕೊಂಡು ದೊಡ್ಡ ದೊಡ್ಡ ಅಕ್ಷರದಲ್ಲಿ ರುಜು ಹಾಕಿ, ಹೊರಗೆ ಹೋಗಿ ಬಾವಿಕಟ್ಟೆಯ ಮೇಲೆ ಕೂತಳು. ಅವತ್ತು ಅನ್ನಕ್ಕೆ ಅವನೇ ನೀರಿಟ್ಟ. ಮೂರು ದಿನ ಅವಳು ಮಾತಾಡಲಿಲ್ಲ. ಟ್ರಂಕಿನ ಕಡೆ ಅವಳು ಹೋದಾಗಲೆಲ್ಲ ಅವನು ಕೈಯ ಕೆಲಸ ಬಿಟ್ಟು ನೋಡುತ್ತಿದ್ದ. ಡಿಕ್ರಿಯಂತೂ ಇನ್ನೂ ಇತ್ತು. ಹೊರಟರೆ ತಡೆಯಲು ಯಾವ ಕಾನೂನೂ ಇರಲಿಲ್ಲ.

ವಿಚಾರಣೆಯ ದಿನ ಇಬ್ಬರೂ ಒಟ್ಟಿಗೆ ನಡೆದುಕೊಂಡೇ ಹೋದರು. ದಫೇದಾರ ಹೆಸರು ಕೂಗಿದಾಗ ಈ ಸಲ ಇಬ್ಬರೂ ಎದ್ದು ನಿಂತರು. ಜಡ್ಜು ವಯಸ್ಸಾದವರು, ಕನ್ನಡಕವನ್ನು ಹಣೆಗೇರಿಸಿ ಅರ್ಜಿ ಓದಿದರು. ಮೊದಲ ಮೂರು ಪ್ಯಾರಾ ಓದುವಾಗ ತಲೆದೂಗಿದರು. ನಾಲ್ಕನೆಯದಕ್ಕೆ ಬಂದಾಗ ಕನ್ನಡಕ ಕೆಳಗಿಳಿಸಿದರು. ಬಾಗಿಲ ಹತ್ತಿರ ಶಾಮಣ್ಣ ಬಂದು ನಿಂತಿದ್ದನ್ನು, ಹಿಂದಿನ ಬೆಂಚಿನಲ್ಲಿ ಪರಿಚಯದ ವಕೀಲರ ಸಾಲೇ ಇದ್ದದ್ದನ್ನು ಶಿವಲಿಂಗಯ್ಯ ನೋಡಿದ.

“ಶಿವಲಿಂಗಯ್ಯನೋರೆ,” ಎಂದರು ಜಡ್ಜು ಮೆಲ್ಲಗೆ, “ನೀವಿಬ್ಬರೂ ಒಂದಾಗಿ ಬಾಳ್ತಿದ್ದೀರಿ, ಇಬ್ಬರ ಒಪ್ಪಿಗೆಯೂ ಇದೆ. ಡಿಕ್ರಿ ರದ್ದು ಮಾಡೋಕೆ ನನಗೆ ಅಷ್ಟು ಸಾಕು. ಈ ನಾಲ್ಕನೇ ಪ್ಯಾರಾ ಬೇಕಿಲ್ಲ. ಇದಿದ್ದರೆ ನಿಮ್ಮ ಹಿಂದಿನ ಪ್ರಮಾಣ ಸುಳ್ಳು ಅಂತಾಗುತ್ತೆ. ನಿಮಗೇ ತೊಂದರೆ. ಹೊಡೆದುಹಾಕಿ ರುಜು ಮಾಡ್ತೀರಾ?”

ಬೆಂಚ್ ಕ್ಲಾರ್ಕು ಆಗಲೇ ಲೇಖನಿ ಮುಂದೆ ಚಾಚಿದ್ದ. ಶಿವಲಿಂಗಯ್ಯನ ಎದೆಯಲ್ಲಿ ಏನೋ ಹಗುರವಾಯಿತು. ಬರೆದದ್ದಾಯಿತು, ಅವಳು ಓದಿದ್ದಾಯಿತು. ಹೊಡೆದುಹಾಕಲು ಹೇಳುತ್ತಿರುವುದು ನ್ಯಾಯಸ್ಥಾನ, ತಾನಲ್ಲ. ಕೈ ಲೇಖನಿಯ ಕಡೆ ಹೋಯಿತು ಕೂಡ. ಎರಡು ಮಾರು ದೂರದಲ್ಲಿ ಗಿರಿಜೆ ಸೆರಗನ್ನು ಹೊಟ್ಟೆಯ ಮೇಲೆ ಎಳೆದುಕೊಂಡು ನಿಂತಿದ್ದಳು. ಅವನ ಕಡೆ ನೋಡುತ್ತಿರಲಿಲ್ಲ. ಅವನ ಕೈಯನ್ನು ನೋಡುತ್ತಿದ್ದಳು.

“ಬೇಡ ಸ್ವಾಮಿ,” ಎಂದ. ದನಿ ತೀರ ಸಣ್ಣದಾಗಿತ್ತು. “ಅದು ಇರಲಿ. ಸುಳ್ಳೇ ಬರೆದಿದ್ದೆ. ಕಾರಣ ಇತ್ತು.”

ಹಿಂದಿನ ಬೆಂಚಿನಲ್ಲಿ ಯಾರೋ ಕಾಗದ ಮಡಿಸುತ್ತಿದ್ದವರು ನಿಲ್ಲಿಸಿದರು. ಜಡ್ಜು ಗಿರಿಜೆಯ ಕಡೆ ತಿರುಗಿದರು. “ನೀವೇನಂತೀರಮ್ಮ? ಡಿಕ್ರಿ ರದ್ದು ಮಾಡೋದಕ್ಕೆ ನಿಮ್ಮ ಒಪ್ಪಿಗೆ ಇದೆಯೇ?”

ಗಿರಿಜೆ ತಲೆಯೆತ್ತಿದಳು. ಅವಳ ಮುಖ ಕೆಂಪಾಗಿತ್ತು, ಕಣ್ಣಿನಲ್ಲಿ ನೀರು ತುಂಬಿತ್ತು.

“ಅವರು ಹೇಳಿದ್ದು ಕೇಳಿಸ್ಲಿಲ್ಲ ಸ್ವಾಮಿ,” ಎಂದಳು. “ಇನ್ನೊಂದು ಸಲ ಹೇಳ್ಲಿ.”

ಶಿವಲಿಂಗಯ್ಯ ಜಡ್ಜನ್ನು ಬಿಟ್ಟು ಅವಳ ಕಡೆ ತಿರುಗಿ ನಿಂತು, ಬಾಗಿಲಾಚೆಯ ವರಾಂಡದವರೆಗೂ ಕೇಳುವಂತೆ ಹೇಳಿದ.